ಪ್ರಮಾಣಿಸಿ ನೋಡು: ಕಣ್ಣಿನ ಚಿತ್ರಗಳನ್ನು ಓದಿದವರ ಚರಿತ್ರೆ

ಕಳೆದ ವರ್ಷ ಶ್ರಾವಣ ಮಾಸದಲ್ಲಿ ನಮ್ಮೂರಿನಲ್ಲಿ ನಡೆದ ನೇತ್ರ ತಪಾಸಣಾ ಶಿಬಿರವೊಂದರಲ್ಲಿ ನನ್ನ ಎರಡೂ ಕಣ್ಣುಗಳ ಒಳಭಾಗದ ಛಾಯಾಚಿತ್ರ ತೆಗೆದರು. ಹನ್ನೊಂದು ವರ್ಷಗಳಿಂದ ಮಧುಮೇಹವು ನನ್ನ ಜೊತೆಗಾರನಾಗಿದೆ ಎಂಬುದು ಬಂಧುಗಳಾದ ನಿಮಗೆಲ್ಲ ತಿಳಿದ ವಿಷಯವೇ. ಅಂದು ಸಂಜೆಯೇ ಒಂದು ಚೀಟಿಯನ್ನು ಕೊಟ್ಟರು; ‘ದೋಷ ಕಂಡುಬಂದಿಲ್ಲ’ ಎಂದು ಅದರಲ್ಲಿ ಬರೆದಿತ್ತು. ಮನೆಗೆ ಬಂದು ಆ ಚೀಟಿಯನ್ನು ದೇವರ ಮುಂದಿಟ್ಟು, ಆ ಸಂತೋಷಕ್ಕೆ ಒಂದು ಹೋಳಿಗೆಯನ್ನೂ ತಿಂದೆನೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮೂರು ವಾರಗಳ ತರುವಾಯ ದೂರವಾಣಿ ಕರೆ ಬಂದಿತು. “ಸರ್, ಒಮ್ಮೆ ಆಸ್ಪತ್ರೆಗೆ ಬಂದು ಹೋಗಿ” ಎಂದರು. ಹೋದೆ. ಅಲ್ಲಿದ್ದ ಯುವ ವೈದ್ಯರು ಗಣಕಯಂತ್ರದ ಪರದೆಯ ಮೇಲೆ ಕಿತ್ತಳೆ ಬಣ್ಣದ ಗುಂಡನೆಯ ಚಿತ್ರವೊಂದನ್ನು ತೋರಿಸಿ, ಒಂದೆಡೆ ಬೆರಳಿಟ್ಟರು. ಸೂಜಿಮೊನೆಯಷ್ಟು ದೊಡ್ಡದಾದ ನಾಲ್ಕೈದು ಕೆಂಪು ಚುಕ್ಕೆಗಳು, ಅವುಗಳ ಪಕ್ಕದಲ್ಲಿ ಹಳದಿಯ ಒಂದು ಸಣ್ಣ ಗೆರೆ. “ಮೊದಲು ನೋಡಿದವರು ಇದನ್ನು ಸರಿಯಾಗಿದೆ ಎಂದು ಬಿಟ್ಟಿದ್ದರು ಸರ್. ಸರಿಯಾಗಿವೆ ಎಂದು ಬಿಟ್ಟ ಚಿತ್ರಗಳಲ್ಲಿಯೂ ಕೆಲವನ್ನು ಇನ್ನೊಬ್ಬರಿಗೆ ತೋರಿಸುವುದು ನಮ್ಮ ಕ್ರಮ. ಅವರಿಗೆ ಅನುಮಾನ ಬಂತು. ಆಮೇಲೆ ಮೂರನೆಯವರು ನೋಡಿದರು” ಎಂದರು.

“ಹಾಗಾದರೆ ಮೊದಲನೆಯವರು ತಪ್ಪು ಮಾಡಿದರೇ?” ಎಂದು ಕೇಳಿದೆ. ನನ್ನ ದನಿಯಲ್ಲಿ ಸ್ವಲ್ಪ ಸಿಟ್ಟೂ ಇದ್ದಿರಬೇಕು. ಆತ ನಕ್ಕು, “ನೀವು ಮೇಷ್ಟ್ರಾಗಿದ್ದವರು ಅಲ್ಲವೇ ಸರ್? ಒಂದೇ ಉತ್ತರಪತ್ರಿಕೆಗೆ ನೀವೆಲ್ಲರೂ ಒಂದೇ ಅಂಕ ಕೊಡುತ್ತಿದ್ದಿರಾ?” ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಮರಳಿದ ಮೇಲೆ ಈ ವಿಷಯವನ್ನು ಕೆದಕಲಾರಂಭಿಸಿದೆ. ಒಂದು ಚಿತ್ರವನ್ನು ಒಬ್ಬನೇ ನೋಡಿದರೆ ಸಾಲದು, ಇಬ್ಬರು ಮೂವರು ನೋಡಬೇಕು ಎಂಬ ವಿವೇಕವನ್ನು ವೈದ್ಯಲೋಕವು ಕಲಿತದ್ದು ಹೇಗೆ ಎಂಬುದಕ್ಕೆ ಒಂದು ಚರಿತ್ರೆಯೇ ಇದೆ. ಅದನ್ನು ನಿಮ್ಮೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಉತ್ತರಪತ್ರಿಕೆಯ ಪಾಠ

ಮೊದಲು ನನ್ನ ವೃತ್ತಿಯ ಮಾತು. ನಾನು ಬಿ.ಎಡ್. ಓದುತ್ತಿದ್ದಾಗ ‘ಮಾಪನ ಮತ್ತು ಮೌಲ್ಯಮಾಪನ’ ಎಂಬ ಪಾಠದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ಅಮೆರಿಕನ್ ವಿದ್ವಾಂಸರ ಹೆಸರನ್ನು ಉರು ಹೊಡೆದಿದ್ದೆವು. ಅವರು 1912ರಲ್ಲಿ ಇಂಗ್ಲಿಷ್ ವಿಷಯದ ಉತ್ತರಪತ್ರಿಕೆಗಳ ಪ್ರತಿಗಳನ್ನು ನೂರಾರು ಶಾಲೆಗಳಿಗೆ ಕಳುಹಿಸಿ, ಅಲ್ಲಿನ ಉಪಾಧ್ಯಾಯರಿಂದ ಅಂಕ ಹಾಕಿಸಿ ತರಿಸಿಕೊಂಡರು. ಒಂದೇ ಪತ್ರಿಕೆಗೆ ಒಬ್ಬರು ಐವತ್ತರ ಸುಮಾರಿನಲ್ಲಿ ಕೊಟ್ಟಿದ್ದರೆ ಇನ್ನೊಬ್ಬರು ತೊಂಬತ್ತನ್ನು ದಾಟಿಸಿದ್ದರು. ಭಾಷೆಯ ವಿಷಯವಾದ್ದರಿಂದ ಹೀಗಾಯಿತೆಂದು ಜನ ಆಕ್ಷೇಪಿಸಿದಾಗ, ಮರುವರ್ಷ ರೇಖಾಗಣಿತದ ಪತ್ರಿಕೆಯನ್ನು ಕಳುಹಿಸಿದರು. ವ್ಯತ್ಯಾಸವು ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು!

ಪರೀಕ್ಷೆಯಲ್ಲಿ ಬರೆದು ಮರೆತಿದ್ದ ಈ ಸಂಗತಿಯು ನನಗೆ ನಿಜವಾಗಿ ಅರ್ಥವಾದದ್ದು ಹತ್ತು ಹದಿನೈದು ವರ್ಷ ಸೇವೆ ಸಲ್ಲಿಸಿದ ಮೇಲೆ. ಒಮ್ಮೆ ಅರ್ಧವಾರ್ಷಿಕ ಪರೀಕ್ಷೆಯ ಜೀವಶಾಸ್ತ್ರದ ಪತ್ರಿಕೆಗಳನ್ನು ತಿದ್ದಿ ಮುಗಿಸಿದ್ದೆ. ಅಂಕಗಳನ್ನು ಪಟ್ಟಿಗೆ ಇಳಿಸುವ ಮುನ್ನ ಆ ಪಟ್ಟಿ ಕಳೆದುಹೋಯಿತೆಂಬ ಗಾಬರಿಯಲ್ಲಿ, ಪತ್ರಿಕೆಯ ಮೇಲೆ ನಾನು ಗುರುತು ಹಾಕದೆ ಬಿಟ್ಟಿದ್ದ ಹತ್ತು ಪತ್ರಿಕೆಗಳನ್ನು ಮತ್ತೆ ಓದಿ ಅಂಕ ಕೊಟ್ಟೆ. ಮರುದಿನ ಹಳೆಯ ಪಟ್ಟಿ ಸಿಕ್ಕಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಹತ್ತರಲ್ಲಿ ಮೂರು ಮಾತ್ರ ಹೊಂದುತ್ತಿದ್ದವು. ಒಬ್ಬ ಹುಡುಗನಿಗೆ ಮೊದಲ ಸಲ 31, ಎರಡನೆಯ ಸಲ 40. ಮೊದಲನೆಯದು ಅನುತ್ತೀರ್ಣ, ಎರಡನೆಯದು ಉತ್ತೀರ್ಣ. ಓದಿದವನು ನಾನೇ, ಕನ್ನಡಕವೂ ಅದೇ, ಕೆಂಪು ಶಾಯಿಯೂ ಅದೇ. ಅಂದು ನನಗಾದ ನಾಚಿಕೆಯನ್ನು ಯಾರಿಗೂ ಹೇಳಿಕೊಂಡಿರಲಿಲ್ಲ; ಇಂದು ಹೇಳುತ್ತಿದ್ದೇನೆ. ಆ ಹುಡುಗ ಈಗ ದೊಡ್ಡ ಹುದ್ದೆಯಲ್ಲಿದ್ದಾನೆ. ಇದನ್ನು ಓದುತ್ತಲೂ ಇರಬಹುದು.

ಕಣ್ಣಿನೊಳಗೆ ಇಣುಕಿದವರು

ಈಗ ಕಣ್ಣಿನ ಚರಿತ್ರೆಗೆ ಬರೋಣ. ಜೀವಂತ ಮನುಷ್ಯನ ಕಣ್ಣಿನ ಪಾಪೆಯು ಸಾವಿರಾರು ವರ್ಷ ಕಪ್ಪು ಬಾಗಿಲಾಗಿಯೇ ಉಳಿದಿತ್ತು. ಒಳಕ್ಕೆ ಬೆಳಕು ಬಿಟ್ಟು ನೋಡೋಣವೆಂದರೆ, ನೋಡುವವನ ತಲೆಯೇ ಬೆಳಕಿಗೆ ಅಡ್ಡ ಬರುತ್ತಿತ್ತು. ಗಣಕಯಂತ್ರದ ಪಿತಾಮಹನೆನಿಸಿದ ಚಾರ್ಲ್ಸ್ ಬ್ಯಾಬೇಜ್ 1847ರಲ್ಲಿಯೇ ಇದಕ್ಕೊಂದು ಸಣ್ಣ ಉಪಕರಣವನ್ನು ಮಾಡಿ ಲಂಡನ್ನಿನ ಪ್ರಸಿದ್ಧ ನೇತ್ರವೈದ್ಯ ವಾರ್ಟನ್ ಜೋನ್ಸ್ ಅವರಿಗೆ ತೋರಿಸಿದನಂತೆ. ಅವರು ಅದರ ಮಹತ್ವವನ್ನು ಗುರುತಿಸಲಿಲ್ಲ. ಉಪಕರಣ ಮೂಲೆಗೆ ಬಿದ್ದಿತು. ಒಬ್ಬನೇ ಪರಿಶೀಲಕನ ಅಭಿಪ್ರಾಯವನ್ನು ನೆಚ್ಚಿಕೊಂಡರೆ ಏನಾಗುತ್ತದೆಂಬುದಕ್ಕೆ ಇದೇ ಮೊದಲ ಉದಾಹರಣೆಯೆಂದು ನಾನು ತಮಾಷೆಗೆ ಹೇಳುವುದುಂಟು. ನಾಲ್ಕು ವರ್ಷಗಳ ನಂತರ, 1851ರಲ್ಲಿ, ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ ತನ್ನ ನೇತ್ರದರ್ಶಕವನ್ನು ಜಗತ್ತಿಗೆ ಪ್ರಕಟಿಸಿದನು. ಜೀವಂತ ಅಕ್ಷಿಪಟಲ, ಅಂದರೆ ಇಂದು ಎಲ್ಲರೂ ರೆಟಿನಾ ಎನ್ನುವ ಪರದೆ, ಮೊದಲ ಬಾರಿಗೆ ವೈದ್ಯರ ಕಣ್ಣಿಗೆ ಬಿದ್ದಿತು. ದೇಹವನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ವಿರಳ ಸ್ಥಳಗಳಲ್ಲಿ ಅದೂ ಒಂದು.

ಬಳಿಕ ಬಂದದ್ದು ಚಿತ್ರಕಾರರ ಕಾಲ. ವೈದ್ಯರು ಉಪಕರಣದಲ್ಲಿ ಕಂಡದ್ದನ್ನು ಕೈಯಿಂದ ಬಣ್ಣದಲ್ಲಿ ಬರೆದು ಚಿತ್ರಸಂಪುಟಗಳನ್ನು ಪ್ರಕಟಿಸಿದರು. ವಿಯೆನ್ನಾದ ಎಡ್ವರ್ಡ್ ಯೇಗರ್ ಇದರಲ್ಲಿ ಅಗ್ರಗಣ್ಯ. 1850ರ ದಶಕದ ಮಧ್ಯಭಾಗದಲ್ಲಿ ಮಧುಮೇಹದ ರೋಗಿಯೊಬ್ಬನ ಅಕ್ಷಿಪಟಲದಲ್ಲಿ ಹಳದಿ ಕಲೆಗಳನ್ನೂ ರಕ್ತಸ್ರಾವವನ್ನೂ ಕಂಡು ವರ್ಣಿಸಿದವನು ಇವನೇ. ಆದರೆ ಆ ಕಾಲದ ನೇತ್ರವೈದ್ಯರಲ್ಲಿ ಮೇರುವೆನಿಸಿದ್ದ ಆಲ್ಬ್ರೆಕ್ಟ್ ಫಾನ್ ಗ್ರೇಫ, ಈ ಕಲೆಗಳಿಗೂ ಮಧುಮೇಹಕ್ಕೂ ಸಂಬಂಧವಿದೆ ಎನ್ನಲು ಆಧಾರವಿಲ್ಲವೆಂದನು. ಇಬ್ಬರೂ ಮಹಾಪಂಡಿತರೇ. ಇಬ್ಬರ ಅಭಿಪ್ರಾಯಗಳೂ ಭಿನ್ನ. ತೀರ್ಮಾನಿಸಲು ಮೂರನೆಯ ಸಾಕ್ಷಿಯೊಂದು ಬೇಕಾಗಿತ್ತು.

ಆ ಸಾಕ್ಷಿಯೇ ಛಾಯಾಚಿತ್ರ. 1886ರಲ್ಲಿ ಇಂಗ್ಲೆಂಡಿನ ಜ್ಯಾಕ್‌ಮನ್ ಮತ್ತು ವೆಬ್‌ಸ್ಟರ್ ಎಂಬಿಬ್ಬರು ಜೀವಂತ ಮನುಷ್ಯನ ಅಕ್ಷಿಪಟಲದ ಛಾಯಾಚಿತ್ರವೊಂದನ್ನು ಪ್ರಕಟಿಸಿದರು. ಅದಕ್ಕಾಗಿ ಆ ಮನುಷ್ಯ ಎರಡೂವರೆ ನಿಮಿಷ ಕಣ್ಣನ್ನು ಕದಲಿಸದೆ ಕುಳಿತಿರಬೇಕಾಯಿತು. ಇಂದು ಮಿಂಚೊಂದು ಹೊಳೆದು ಮರೆಯಾಗುವಷ್ಟರಲ್ಲಿ ಮುಗಿಯುವ ಕೆಲಸವದು. 1920ರ ದಶಕದಲ್ಲಿ ಸ್ವೀಡನ್ನಿನ ನಾರ್ಡೆನ್‌ಸನ್ ರೂಪಿಸಿದ ಕ್ಯಾಮೆರಾವನ್ನು ಜರ್ಮನಿಯ ಝೈಸ್ ಸಂಸ್ಥೆಯು ಮಾರುಕಟ್ಟೆಗೆ ತಂದಿತು. ಅಲ್ಲಿಂದ ಮುಂದೆ ಒಬ್ಬ ವೈದ್ಯನು ಕಂಡದ್ದನ್ನು ಇನ್ನೊಬ್ಬನು, ಬೇರೊಂದು ಊರಿನಲ್ಲಿ, ಬೇರೊಂದು ವರ್ಷದಲ್ಲಿ ಕಾಣುವುದು ಸಾಧ್ಯವಾಯಿತು.

ಇದೇ ಹೊತ್ತಿಗೆ, 1922ರ ಜನವರಿಯಲ್ಲಿ, ಕೆನಡಾದ ಟೊರಾಂಟೊ ನಗರದಲ್ಲಿ ಮಧುಮೇಹದ ರೋಗಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಲಾಯಿತು. ಕೆಲವೇ ತಿಂಗಳುಗಳಲ್ಲಿ ಸಾಯಬೇಕಾಗಿದ್ದ ಮಕ್ಕಳು ಹತ್ತಾರು ವರ್ಷ ಬದುಕಿದರು. ಬದುಕಿ ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೆ ಅವರಲ್ಲಿ ಅನೇಕರು ಕುರುಡರಾಗತೊಡಗಿದರು. ಗ್ರೇಫನ ಸಂಶಯಕ್ಕೆ ಕಾಲವೇ ಉತ್ತರ ಕೊಟ್ಟಿತು, ಬಹಳ ಕ್ರೂರವಾಗಿ.

ಎಕ್ಸ್-ರೇ ಹೇಳಿದ ಸತ್ಯ

ಹಲವರು ಸೇರಿ ನೋಡಬೇಕೆಂಬ ವಿಚಾರವು ಮೊದಲು ಹುಟ್ಟಿದ್ದು ಕಣ್ಣಿನ ಚಿತ್ರದಲ್ಲಲ್ಲ, ಎದೆಯ ಚಿತ್ರದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಕ್ಷಯರೋಗವನ್ನು ಪತ್ತೆಹಚ್ಚಲು ಲಕ್ಷಾಂತರ ಜನರ ಎದೆಯ ಎಕ್ಸ್-ರೇ ತೆಗೆಯುತ್ತಿದ್ದರು. ದೊಡ್ಡ ಫಿಲ್ಮ್ ಒಳ್ಳೆಯದೋ, ಅಗ್ಗದ ಚಿಕ್ಕ ಫಿಲ್ಮ್ ಸಾಕೋ ಎಂಬ ಪ್ರಶ್ನೆ ಬಂದಿತು. ಪರೀಕ್ಷಿಸಲು 1,256 ಜನರ ಎದೆಯ ಚಿತ್ರಗಳನ್ನು ನಾಲ್ಕು ಬಗೆಯಲ್ಲಿ ತೆಗೆದು, ಐವರು ಅನುಭವಿ ತಜ್ಞರಿಗೆ ಪ್ರತ್ಯೇಕವಾಗಿ ಓದಲು ಕೊಟ್ಟರು. 1947ರಲ್ಲಿ ಫಲಿತಾಂಶ ಪ್ರಕಟವಾಯಿತು. ಫಿಲ್ಮಿನಿಂದ ಫಿಲ್ಮಿಗೆ ಇದ್ದ ವ್ಯತ್ಯಾಸಕ್ಕಿಂತ ಓದುವವನಿಂದ ಓದುವವನಿಗೆ ಇದ್ದ ವ್ಯತ್ಯಾಸವೇ ದೊಡ್ಡದಾಗಿತ್ತು! ಅದಕ್ಕಿಂತಲೂ ಮುಜುಗರದ ಸಂಗತಿಯೆಂದರೆ, ಅದೇ ತಜ್ಞನಿಗೆ ಅದೇ ಚಿತ್ರವನ್ನು ಕೆಲವು ಕಾಲದ ನಂತರ ಕೊಟ್ಟಾಗ ಅವನು ತನ್ನ ಮಾತನ್ನು ತಾನೇ ಅಲ್ಲಗಳೆಯುವುದು ಅಪರೂಪವೇನೂ ಆಗಿರಲಿಲ್ಲ.

ಯಂತ್ರವನ್ನು ಅಳೆಯಲು ಹೊರಟವರು ಮನುಷ್ಯನನ್ನು ಅಳೆದು ಬಂದಂತಾಯಿತು. ಈ ಅಧ್ಯಯನದಲ್ಲಿ ದುಡಿದ ಸಂಖ್ಯಾಶಾಸ್ತ್ರಜ್ಞ ಜೇಕಬ್ ಯೆರುಷಾಲ್ಮಿ ಮುಂದೆ ಇದನ್ನೇ ಬೆಳೆಸಿ, ಇಬ್ಬರು ಸ್ವತಂತ್ರವಾಗಿ ಓದಿದರೆ ತಪ್ಪಿಹೋಗುವ ರೋಗಿಗಳ ಸಂಖ್ಯೆ ಕಡಿಮೆಯಾಗುತ್ತದೆಂದು ತೋರಿಸಿಕೊಟ್ಟರು. ‘ಸ್ವತಂತ್ರವಾಗಿ’ ಎಂಬ ಮಾತನ್ನು ಗಮನಿಸಬೇಕು. ಮೊದಲನೆಯವನು ಏನು ಹೇಳಿದನೆಂದು ಎರಡನೆಯವನಿಗೆ ತಿಳಿದಿದ್ದರೆ ಅದು ಎರಡನೆಯ ಓದಲ್ಲ; ಮೊದಲನೆಯದರ ಪ್ರತಿಧ್ವನಿ ಅಷ್ಟೇ.

ಏರ್ಲಿ ಹೌಸ್‌ನಿಂದ ಮ್ಯಾಡಿಸನ್‌ಗೆ

ಮಧುಮೇಹದ ಕಣ್ಣಿನ ರೋಗಕ್ಕೆ 1950–60ರ ದಶಕಗಳಲ್ಲಿ ಎಂಥ ಚಿಕಿತ್ಸೆಗಳನ್ನು ಮಾಡುತ್ತಿದ್ದರೆಂದು ಕೇಳಿದರೆ ಮೈ ಜುಮ್ಮೆನ್ನುತ್ತದೆ. 1953ರಲ್ಲಿ ಡೆನ್ಮಾರ್ಕಿನ ವೈದ್ಯ ಪೌಲ್ಸೆನ್, ಹೆರಿಗೆಯ ನಂತರ ಪಿಟ್ಯುಟರಿ ಗ್ರಂಥಿಯು ನಾಶವಾದ ಮಹಿಳೆಯೊಬ್ಬಳ ಕಣ್ಣಿನ ರೋಗ ತಾನಾಗಿಯೇ ಇಳಿದದ್ದನ್ನು ವರದಿ ಮಾಡಿದನು. ಅದನ್ನು ಆಧರಿಸಿ, ಮೆದುಳಿನ ಬುಡದಲ್ಲಿರುವ ಆ ಗ್ರಂಥಿಯನ್ನು ಶಸ್ತ್ರಕ್ರಿಯೆಯಿಂದಲೋ ವಿಕಿರಣದಿಂದಲೋ ನಾಶಪಡಿಸುವ ಚಿಕಿತ್ಸೆ ಹಲವೆಡೆ ನಡೆಯಿತು. ಇನ್ನೊಂದು ಕಡೆ, ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿ ಅಕ್ಷಿಪಟಲವನ್ನು ಸುಟ್ಟುಕೊಂಡ ರೋಗಿಗಳನ್ನು ಕಂಡಿದ್ದ ಜರ್ಮನಿಯ ಮೇಯರ್-ಶ್ವಿಕೆರಾತ್, ತೀಕ್ಷ್ಣವಾದ ಬೆಳಕಿನಿಂದ ಅಕ್ಷಿಪಟಲವನ್ನು ಅಲ್ಲಲ್ಲಿ ಸುಟ್ಟು ಚಿಕಿತ್ಸೆ ನೀಡುವ ವಿಧಾನವನ್ನು ಬೆಳೆಸಿದನು. ಮುಂದೆ ಬಂದ ಲೇಸರ್ ಚಿಕಿತ್ಸೆಗೆ ಅದೇ ಮೂಲ.

ಇವುಗಳಲ್ಲಿ ಯಾವುದು ನಿಜವಾಗಿ ಗುಣಕಾರಿ? ಒಬ್ಬ ವೈದ್ಯ ‘ರೋಗ ಇಳಿದಿದೆ’ ಎಂದರೆ ಇನ್ನೊಬ್ಬ ‘ಹಾಗೇ ಇದೆ’ ಎನ್ನುತ್ತಿದ್ದ. ‘ಸ್ವಲ್ಪ’, ‘ಸಾಧಾರಣ’, ‘ತೀವ್ರ’ ಎಂಬ ಮಾತುಗಳಿಗೆ ಒಬ್ಬೊಬ್ಬರದೂ ಒಂದೊಂದು ಅರ್ಥ. ಮೊಳ ಹಾಕುವವನ ಕೈ ಉದ್ದವಾದಷ್ಟೂ ಬಟ್ಟೆ ಕಡಿಮೆಯಾಗುವಂತೆ, ಅಳೆಯುವವನ ಮೇಲೆ ರೋಗದ ಪ್ರಮಾಣವು ನಿಂತಿತ್ತು. ಎಲ್ಲರಿಗೂ ಒಂದೇ ಮೊಳಕೋಲು ಬೇಕಾಗಿತ್ತು.

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು 1967ರಲ್ಲಿ ಅಂಥ ಒಂದು ಕ್ರಮವನ್ನು ಪ್ರಕಟಿಸಿದರು. ಮಾದರಿ ಚಿತ್ರಗಳನ್ನು ಮುಂದಿಟ್ಟುಕೊಂಡು, ರೋಗಿಯ ಚಿತ್ರವು ಯಾವ ಮಾದರಿಗೆ ಹೋಲುತ್ತದೆಂದು ನೋಡಿ ಶ್ರೇಣಿ ಕೊಡುವ ಕ್ರಮವದು. ಮರುವರ್ಷ, 1968ರಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿರುವ ಏರ್ಲಿ ಹೌಸ್ ಎಂಬ ಸ್ಥಳದಲ್ಲಿ ತಜ್ಞರು ಸಭೆ ಸೇರಿ ಒಂದು ಸಾಮಾನ್ಯ ವರ್ಗೀಕರಣವನ್ನು ಒಪ್ಪಿಕೊಂಡರು. ಅದರ ಹಿಂದಿನ ಪ್ರಮುಖ ಶಕ್ತಿಗಳಲ್ಲಿ ಒಬ್ಬರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಡೇವಿಸ್. ಮ್ಯಾಡಿಸನ್ ನಗರದಲ್ಲಿ ಅವರು ಕಟ್ಟಿದ ಸಂಸ್ಥೆಯನ್ನು ‘ಅಕ್ಷಿಪಟಲದ ಛಾಯಾಚಿತ್ರಗಳನ್ನು ಓದುವ ಕೇಂದ್ರ’ ಎನ್ನಬಹುದು. ನಮ್ಮ ಮೌಲ್ಯಮಾಪನ ಕೇಂದ್ರದ ಹಾಗೆಯೇ!

ಹೋಲಿಕೆ ಹೆಸರಿನಲ್ಲಿ ಮಾತ್ರವಲ್ಲ. 1971ರಲ್ಲಿ ಅಮೆರಿಕ ಸರ್ಕಾರವು ಬೆಳಕಿನ ಚಿಕಿತ್ಸೆಯನ್ನು ಪರೀಕ್ಷಿಸಲು ದೊಡ್ಡ ಅಧ್ಯಯನವೊಂದನ್ನು ಆರಂಭಿಸಿತು. ಸುಮಾರು 1,700 ರೋಗಿಗಳು. ಪ್ರತಿಯೊಬ್ಬರ ಒಂದು ಕಣ್ಣಿಗೆ ಚಿಕಿತ್ಸೆ, ಇನ್ನೊಂದಕ್ಕೆ ಇಲ್ಲ. ಯಾವ ಕಣ್ಣೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವುದು. ಬೇರೆ ಬೇರೆ ಊರುಗಳ ಚಿಕಿತ್ಸಾ ಕೇಂದ್ರಗಳಿಂದ ಚಿತ್ರಗಳೆಲ್ಲ ಮ್ಯಾಡಿಸನ್ನಿಗೆ ಬರುತ್ತಿದ್ದವು. ಪ್ರತಿ ಕಣ್ಣಿನ ಏಳು ನಿಗದಿತ ಭಾಗಗಳ ಚಿತ್ರಗಳು, ಅದೂ ಆಳ ತಿಳಿಯುವಂತೆ ಜೋಡಿಜೋಡಿಯಾಗಿ. ಅವನ್ನು ಓದುತ್ತಿದ್ದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಓದುಗರು! ಪಕ್ಕದಲ್ಲಿ ಮಾದರಿ ಚಿತ್ರ. ‘ರಕ್ತಸ್ರಾವವು ಈ ಮಾದರಿಗಿಂತ ಹೆಚ್ಚೋ ಕಡಿಮೆಯೋ’, ‘ಹೊಸ ರಕ್ತನಾಳಗಳು ಆ ಮಾದರಿಯಷ್ಟು ಹರಡಿವೆಯೋ ಇಲ್ಲವೋ’ ಎಂಬ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸುವುದು. ಉತ್ತರಪತ್ರಿಕೆ ತಿದ್ದಿದವರಿಗೆ ‘ಮಾದರಿ ಉತ್ತರ’ ಎಂದರೇನೆಂದು ನಾನು ವಿವರಿಸಬೇಕಾಗಿಲ್ಲ. ದೊಡ್ಡ ಪಂಡಿತನ ಒಟ್ಟಾರೆ ಅಭಿಪ್ರಾಯಕ್ಕಿಂತ, ಸಾಧಾರಣ ಮನುಷ್ಯನು ಕ್ರಮಬದ್ಧವಾಗಿ ಕೊಟ್ಟ ಉತ್ತರವೇ ಹೆಚ್ಚು ನಂಬಲರ್ಹವೆಂಬ ವಿನಯದ ಪಾಠ ಇಲ್ಲಿದೆ.

1976ರಲ್ಲಿ ಉತ್ತರ ಸಿಕ್ಕಿತು. ಚಿಕಿತ್ಸೆ ಪಡೆದ ಕಣ್ಣುಗಳಲ್ಲಿ ತೀವ್ರ ದೃಷ್ಟಿನಾಶವು ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ಅಂದಿನಿಂದ ಎಷ್ಟು ಲಕ್ಷ ಜನ ತಮ್ಮ ಮೊಮ್ಮಕ್ಕಳ ಮುಖವನ್ನು ನೋಡುವಂತಾಯಿತೋ! ಅದರ ಬೆನ್ನಿಗೇ 3,711 ರೋಗಿಗಳ ಇನ್ನೊಂದು ಅಧ್ಯಯನ ನಡೆಯಿತು. ಚಿಕಿತ್ಸೆಯನ್ನು ಯಾವಾಗ ಕೊಡಬೇಕೆಂಬುದು ಅದರ ಪ್ರಶ್ನೆ. 1991ರಲ್ಲಿ ಪ್ರಕಟವಾದ ಅದರ ಶ್ರೇಣೀಕರಣ ವಿಧಾನವೇ ಇಂದಿಗೂ ಸಂಶೋಧಕರ ಪಾಲಿಗೆ ಚಿನ್ನವನ್ನು ತಿಕ್ಕಿ ನೋಡುವ ಒರೆಗಲ್ಲು. ಅದೇ ವರದಿಯು ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಿತು: ಇಷ್ಟೆಲ್ಲ ತರಬೇತಿ, ಮಾದರಿ, ನಿಯಮಗಳಿದ್ದರೂ, ಕೆಲವು ಲಕ್ಷಣಗಳಲ್ಲಿ ಓದುಗರ ನಡುವಣ ಹೊಂದಾಣಿಕೆ ಚೆನ್ನಾಗಿತ್ತು, ಇನ್ನು ಕೆಲವುಗಳಲ್ಲಿ ಸಾಧಾರಣವಾಗಿತ್ತು.

ದಿನನಿತ್ಯದ ವೈದ್ಯರಿಗೆ ಆ ವಿಧಾನ ತುಂಬ ಜಟಿಲವಾಯಿತೆಂದು 2003ರಲ್ಲಿ ಅಂತಾರಾಷ್ಟ್ರೀಯ ತಜ್ಞರು ಅದನ್ನು ಐದು ಮೆಟ್ಟಿಲುಗಳಿಗೆ ಇಳಿಸಿದರು: ರೋಗವಿಲ್ಲ, ಅಲ್ಪ, ಮಧ್ಯಮ, ತೀವ್ರ, ಹೊಸ ನಾಳಗಳು ಬೆಳೆಯುವ ಅತಿತೀವ್ರ ಹಂತ. ನನ್ನ ಚೀಟಿಯಲ್ಲಿ ಎರಡನೆಯ ಸಲ ಬರೆದ ಶ್ರೇಣಿಯೂ ಈ ಐದರಲ್ಲೊಂದು. ಯಾವುದೆಂದು ಕೇಳಬೇಡಿ; ಮೊದಲ ಮೂರರೊಳಗೇ ಇದೆ ಎಂದರೆ ಸಾಕಲ್ಲವೇ?

ಕಾಕತಾಳೀಯವನ್ನು ಕಳೆಯುವ ಲೆಕ್ಕ

ಇಬ್ಬರ ಅಭಿಪ್ರಾಯ ಎಷ್ಟು ಹೊಂದಿತೆಂದು ಅಳೆಯುವುದು ಹೇಗೆ? ನೂರರಲ್ಲಿ ಎಷ್ಟು ಸಲ ಒಪ್ಪಿದರೆಂದು ಎಣಿಸಿದರೆ ಸಾಕೆಂದು ತೋರುತ್ತದೆ. ಸಾಲದು. 1960ರಲ್ಲಿ ಜೇಕಬ್ ಕೋಹೆನ್ ಎಂಬ ಅಮೆರಿಕನ್ ಮನೋವಿಜ್ಞಾನಿ ಇದಕ್ಕೊಂದು ಲೆಕ್ಕವನ್ನು ಕೊಟ್ಟನು. ಅದನ್ನು ‘ಕಪ್ಪ’ ಎಂಬ ಗ್ರೀಕ್ ಅಕ್ಷರದಿಂದ ಕರೆಯುತ್ತಾರೆ. ಅದು ಪ್ರಕಟವಾದದ್ದು ವೈದ್ಯಕೀಯ ಪತ್ರಿಕೆಯಲ್ಲಲ್ಲ, ಶೈಕ್ಷಣಿಕ ಮತ್ತು ಮನೋವೈಜ್ಞಾನಿಕ ಮಾಪನದ ಪತ್ರಿಕೆಯಲ್ಲಿ ಎಂದು ತಿಳಿದಾಗ ಮೇಷ್ಟ್ರಾದ ನನಗೆ ಹೆಮ್ಮೆಯೆನಿಸಿತು.

ಗಣಿತದಲ್ಲಿ ಆಸಕ್ತಿಯುಳ್ಳ ಹಳೆಯ ವಿದ್ಯಾರ್ಥಿಗಳಿಗಾಗಿ ಸಣ್ಣ ಉದಾಹರಣೆ. ನೂರು ಚಿತ್ರಗಳಿವೆ ಎನ್ನಿ. ಇಬ್ಬರು ಓದುಗರೂ ತಲಾ 90 ಚಿತ್ರಗಳನ್ನು ‘ಸರಿಯಾಗಿದೆ’ ಎಂದೂ 10ನ್ನು ‘ರೋಗವಿದೆ’ ಎಂದೂ ಹೇಳುತ್ತಾರೆ. 88 ಚಿತ್ರಗಳಲ್ಲಿ ಇಬ್ಬರ ಮಾತೂ ಒಂದೇ. ನೂರಕ್ಕೆ 88 ಎಂದರೆ ಉನ್ನತ ಶ್ರೇಣಿಯೆಂದು ನಾವು ಸಂತೋಷಪಡುತ್ತೇವೆ. ಆದರೆ ಇಬ್ಬರೂ ಕಣ್ಣು ಮುಚ್ಚಿಕೊಂಡು ಇದೇ ಪ್ರಮಾಣದಲ್ಲಿ ಹೇಳುತ್ತಾ ಹೋಗಿದ್ದರೂ, 90ರ ಪಾಲಿನಿಂದ 81, 10ರ ಪಾಲಿನಿಂದ 1, ಹೀಗೆ ಒಟ್ಟು 82 ಚಿತ್ರಗಳಲ್ಲಿ ಆಕಸ್ಮಿಕವಾಗಿಯೇ ಒಪ್ಪುತ್ತಿದ್ದರು. ಆಕಸ್ಮಿಕವನ್ನು ಮೀರಿ ಗಳಿಸಬಹುದಾಗಿದ್ದದ್ದು 18. ಗಳಿಸಿದ್ದು ಬರಿಯ 6. ಅಂದರೆ ಮೂರರಲ್ಲೊಂದು ಪಾಲು, 0.33. ಉನ್ನತ ಶ್ರೇಣಿ ಎಲ್ಲಿ ಹೋಯಿತು! ಆರೋಗ್ಯವಂತರೇ ಹೆಚ್ಚಿರುವ ಊರಿನಲ್ಲಿ ‘ಎಲ್ಲರೂ ಸರಿಯಾಗಿದ್ದಾರೆ’ ಎನ್ನುವವನು ಬಹುಪಾಲು ಸರಿಯಾಗಿಯೇ ಇರುತ್ತಾನೆ. ಅವನಿಂದ ನಷ್ಟವಾಗುವುದು ಉಳಿದ ಕೆಲವೇ ಕೆಲವರಿಗೆ, ಆದರೆ ಅವರಿಗಾಗುವ ನಷ್ಟವೆಂದರೆ ಕಣ್ಣು.

ಕ್ರಮವು ಉಳಿಸಿದ ಕಣ್ಣುಗಳು

ಸಂಶೋಧನೆಯಲ್ಲಿ ಬೆಳೆದ ಈ ಶಿಸ್ತನ್ನು ಇಡೀ ದೇಶಕ್ಕೆ ಅನ್ವಯಿಸಿದ ಕೀರ್ತಿ ಬ್ರಿಟನ್ನಿನದು. ಇಂಗ್ಲೆಂಡಿನಲ್ಲಿ ಮಧುಮೇಹಿಗಳ ಕಣ್ಣನ್ನು ನಿಯತವಾಗಿ ಪರೀಕ್ಷಿಸುವ ರಾಷ್ಟ್ರೀಯ ಕಾರ್ಯಕ್ರಮವು 2003ರಲ್ಲಿ ಆರಂಭವಾಯಿತು. ಅಲ್ಲಿ ರೂಪುಗೊಂಡ ಕ್ರಮ ಹೀಗಿದೆ: ಮೊದಲ ಓದುಗ ಎಲ್ಲ ಚಿತ್ರಗಳನ್ನೂ ನೋಡುತ್ತಾನೆ. ರೋಗವಿದೆ ಎಂದವೆಲ್ಲವೂ, ಇಲ್ಲವೆಂದವುಗಳಲ್ಲಿ ಹತ್ತರಲ್ಲೊಂದು ಪಾಲೂ ಎರಡನೆಯ ಓದುಗನಿಗೆ ಹೋಗುತ್ತವೆ. ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂದರೆ ಹಿರಿಯನಾದ ಮೂರನೆಯವನು ಪಂಚಾಯಿತಿ ಮಾಡುತ್ತಾನೆ. ನಮ್ಮ ಮೌಲ್ಯಮಾಪನ ಕೇಂದ್ರಗಳಲ್ಲಿ ಸಹಾಯಕ ಮೌಲ್ಯಮಾಪಕ ತಿದ್ದಿದ ಪತ್ರಿಕೆಗಳಲ್ಲಿ ಕೆಲವನ್ನು ಉಪಮುಖ್ಯ ಮೌಲ್ಯಮಾಪಕರು ತೆಗೆದು ನೋಡುತ್ತಿದ್ದುದು ನೆನಪಾಗುತ್ತದೆ. ಆಗ ಅವರ ಮೇಲೆ ನಮಗೆಷ್ಟು ಕೋಪ ಬರುತ್ತಿತ್ತು!

ಇದರ ಫಲ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಾಣಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ದುಡಿಯುವ ವಯಸ್ಸಿನ ಜನರ ಅಂಧತ್ವಕ್ಕೆ ಸುಮಾರು ಐದು ದಶಕಗಳಿಂದ ಮೊದಲ ಕಾರಣವಾಗಿದ್ದ ಮಧುಮೇಹದ ಕಣ್ಣುರೋಗವು 2009–10ರ ವೇಳೆಗೆ ಆ ಸ್ಥಾನದಿಂದ ಕೆಳಗಿಳಿದಿತ್ತು. ಹೊಸ ಔಷಧ, ಸಕ್ಕರೆಯ ಹತೋಟಿ ಎಲ್ಲಕ್ಕೂ ಇದರಲ್ಲಿ ಪಾಲಿದ್ದೀತು. ಆದರೆ ಚಿತ್ರ ತೆಗೆದು, ಓದಿ, ಮತ್ತೆ ಓದಿ, ಸಕಾಲದಲ್ಲಿ ಕರೆಸಿದ ಕ್ರಮಕ್ಕೂ ದೊಡ್ಡ ಪಾಲಿದೆಯೆಂದೇ ಆ ಅಧ್ಯಯನಕಾರರು ಭಾವಿಸಿದರು.

ನಮ್ಮ ಕರ್ನಾಟಕದ ಉದಾಹರಣೆಯನ್ನೂ ಹೇಳಲೇಬೇಕು. ತಿಂಗಳು ತುಂಬುವ ಮುನ್ನವೇ ಹುಟ್ಟಿದ ಶಿಶುಗಳ ಅಕ್ಷಿಪಟಲದ ರಕ್ತನಾಳಗಳು ಪೂರ್ಣವಾಗಿ ಬೆಳೆದಿರುವುದಿಲ್ಲ. ಅವು ಅಡ್ಡಾದಿಡ್ಡಿಯಾಗಿ ಬೆಳೆದರೆ ಮಗು ಜೀವನಪೂರ್ತಿ ಕುರುಡಾಗಬಹುದು. ಇಲ್ಲಿ ಚಿಕಿತ್ಸೆಗಿರುವ ಅವಕಾಶ ವರ್ಷಗಳದಲ್ಲ, ದಿನಗಳದು. ಜಿಲ್ಲಾ ಆಸ್ಪತ್ರೆಗಳಲ್ಲಿ ಇದನ್ನು ಗುರುತಿಸಬಲ್ಲ ತಜ್ಞರು ಎಲ್ಲಿದ್ದಾರೆ? ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ‘ಕಿಡ್‌ರಾಪ್’ ಎಂಬ ಯೋಜನೆಯನ್ನು ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾವನ್ನು ವಾಹನದಲ್ಲಿ ಹೊತ್ತು ಹಳ್ಳಿಗಾಡಿನ ಶಿಶುಘಟಕಗಳಿಗೆ ಹೋಗುತ್ತಾರೆ. ಚಿತ್ರ ತೆಗೆದು, ಸ್ಥಳದಲ್ಲಿಯೇ ಓದಿ, ತುರ್ತು ಯಾವುದು, ಕಾಯಬಹುದಾದದ್ದು ಯಾವುದೆಂದು ವಿಂಗಡಿಸುತ್ತಾರೆ. ಅದೇ ಚಿತ್ರವು ಅಂತರ್ಜಾಲದ ಮೂಲಕ ಬೆಂಗಳೂರಿನ ತಜ್ಞರನ್ನು ತಲುಪಿ ಅಲ್ಲಿಯೂ ಪರಿಶೀಲನೆಗೊಳಗಾಗುತ್ತದೆ. ಮ್ಯಾಡಿಸನ್ನಿನಲ್ಲಿ ಅಂದು ವೈದ್ಯರಲ್ಲದವರು ಚಿತ್ರ ಓದಿದ ಹಾಗೆಯೇ ಇಲ್ಲಿಯೂ. ಎರಡು ಜೋಡಿ ಕಣ್ಣುಗಳು, ನಡುವೆ ನೂರಾರು ಮೈಲಿ.

ಯಂತ್ರಕ್ಕೂ ಗುರುಗಳು ಬೇಕು

ಇತ್ತೀಚಿನ ಅಧ್ಯಾಯ ಕೃತಕ ಬುದ್ಧಿಮತ್ತೆಯದು. 2016ರ ಕೊನೆಯಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು, ಅಕ್ಷಿಪಟಲದ ಚಿತ್ರವನ್ನು ಓದಲು ಗಣಕಯಂತ್ರಕ್ಕೆ ಕಲಿಸಿದ ಬಗೆಯನ್ನು ಪ್ರಕಟಿಸಿದರು. ಕಲಿಸಲು ಬಳಸಿದ್ದು 1,28,175 ಚಿತ್ರಗಳು. ಅವು ಬಂದದ್ದು ಅಮೆರಿಕದಿಂದ ಮತ್ತು ನಮ್ಮ ದೇಶದ ಅರವಿಂದ್ ಕಣ್ಣಾಸ್ಪತ್ರೆ, ಶಂಕರ ನೇತ್ರಾಲಯ ಹಾಗೂ ನಾರಾಯಣ ನೇತ್ರಾಲಯಗಳಿಂದ. ಪ್ರತಿ ಚಿತ್ರವನ್ನೂ 54 ನೇತ್ರವೈದ್ಯರ ಬಳಗದಲ್ಲಿ ಮೂರರಿಂದ ಏಳು ಮಂದಿ ಓದಿ ಶ್ರೇಣಿ ಕೊಟ್ಟಿದ್ದರು. ಯಂತ್ರಕ್ಕೆ ಗುರು ಒಬ್ಬನಲ್ಲ, ಗುರುಮಂಡಲವೇ ಇತ್ತು. ಬಹುಮತದ ತೀರ್ಪನ್ನು ಸರಿಯುತ್ತರವೆಂದು ಇಟ್ಟುಕೊಂಡು ಪರೀಕ್ಷಿಸಿದಾಗ ಯಂತ್ರವು ತಜ್ಞರಿಗೆ ಸರಿಸಮನಾಗಿ ನಿಂತಿತು.

ಆದರೆ ಬಹುಮತವೆಂಬುದು ಸತ್ಯವೇ? ಈ ಪ್ರಶ್ನೆಯನ್ನು ಅವರಲ್ಲಿಯೇ ಕೆಲವರು 2018ರಲ್ಲಿ ಎತ್ತಿದರು. ಮೂವರು ಅಕ್ಷಿಪಟಲ ತಜ್ಞರು ಮೊದಲು ಬೇರೆ ಬೇರೆಯಾಗಿ ಓದುವುದು, ಆಮೇಲೆ ಭಿನ್ನಾಭಿಪ್ರಾಯವಿದ್ದ ಚಿತ್ರಗಳನ್ನು ಒಮ್ಮತ ಬರುವವರೆಗೂ ಚರ್ಚಿಸುವುದು ಎಂಬ ಕ್ರಮವನ್ನು ಅನುಸರಿಸಿದರು. ಹೀಗೆ ಬಂದ ಒಮ್ಮತವನ್ನು ಬಹುಮತದೊಡನೆ ಹೋಲಿಸಿದರೆ, ಬಹುಮತವು ಎಡವಿದ ಕಡೆಗಳಲ್ಲಿ ಮುಖ್ಯ ಕಾರಣ ಒಂದೇ: ಅತಿ ಸಣ್ಣ ಕೆಂಪು ಚುಕ್ಕೆಗಳು ಹೆಚ್ಚಿನವರ ಕಣ್ಣು ತಪ್ಪಿಸಿದ್ದವು. ಭಿನ್ನತೆಗಳಲ್ಲಿ ನೂರಕ್ಕೆ 41 ಇದೇ ಬಗೆಯವು. ಮೂವರಲ್ಲಿ ಒಬ್ಬನೇ ಆ ಚುಕ್ಕೆಯನ್ನು ಕಂಡಿದ್ದರೆ ಮತ ಎಣಿಕೆಯಲ್ಲಿ ಅವನು ಸೋಲುತ್ತಾನೆ. ಆದರೆ ‘ಇಲ್ಲಿ ನೋಡಿ’ ಎಂದು ಬೆರಳಿಟ್ಟು ತೋರಿಸಲು ಅವನಿಗೆ ಅವಕಾಶ ಕೊಟ್ಟರೆ, ಉಳಿದಿಬ್ಬರೂ ತಮ್ಮ ಮಾತನ್ನು ಬದಲಿಸುತ್ತಾರೆ. ತಲೆ ಎಣಿಸುವುದಕ್ಕೂ ಮಾತಾಡಿ ಒಪ್ಪುವುದಕ್ಕೂ ಇರುವ ಅಂತರವಿದು. ಕಣ್ಣಿನ ಚಿತ್ರಕ್ಕೆ ಮಾತ್ರವೇ ಅನ್ವಯಿಸುವ ಮಾತಲ್ಲವೆಂದು ನಿಮಗೂ ಅನ್ನಿಸಿರಬೇಕು.

ಅದೇ 2018ರ ಏಪ್ರಿಲ್‌ನಲ್ಲಿ, ವೈದ್ಯನ ಓದು ಇಲ್ಲದೆಯೇ ತೀರ್ಪು ಕೊಡಬಲ್ಲ ಇನ್ನೊಂದು ಯಂತ್ರಕ್ಕೆ ಅಮೆರಿಕ ಸರ್ಕಾರವು ಅನುಮತಿ ನೀಡಿತು. ಅದನ್ನು ಯಾರ ಉತ್ತರದೊಡನೆ ಹೋಲಿಸಿ ಪರೀಕ್ಷಿಸಿದರು ಗೊತ್ತೇ? ಡೇವಿಸ್ ಕಟ್ಟಿದ್ದ ಅದೇ ಮ್ಯಾಡಿಸನ್ನಿನ ಕೇಂದ್ರದ ಓದುಗರು ಕೊಟ್ಟ ಶ್ರೇಣಿಯೊಡನೆ. ಎಷ್ಟೇ ಹೊಸ ಯಂತ್ರ ಬಂದರೂ, ಅದು ಉತ್ತೀರ್ಣವಾಯಿತೆಂದು ಹೇಳಲು ಹಳೆಯ ಶಿಸ್ತಿನ ಮೇಷ್ಟ್ರುಗಳೇ ಬೇಕಾದರು.

ಕೊನೆಯ ಮಾತು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಣ್ಣಾರೆ ಕಂಡದ್ದನ್ನು ಮತ್ತೇಕೆ ಪ್ರಮಾಣಿಸಬೇಕೆಂದು ಬಾಲ್ಯದಲ್ಲಿ ನನಗೆ ಅನಿಸುತ್ತಿತ್ತು. ಕಂಡ ಕಣ್ಣೇ ತಪ್ಪಬಹುದೆಂಬುದು ಆ ಗಾದೆಯ ತಿರುಳೆಂದು ಈಗ ಅರ್ಥವಾಗುತ್ತಿದೆ. ಮೊದಲು ನನ್ನ ಚಿತ್ರ ನೋಡಿದ ಆ ಓದುಗರ ಮೇಲೆ ಈಗ ನನಗೆ ಸಿಟ್ಟಿಲ್ಲ. ಅಂದು ಅವರು ಅದೆಷ್ಟು ಚಿತ್ರಗಳನ್ನು ನೋಡಿ ದಣಿದಿದ್ದರೋ! ಹತ್ತು ಪತ್ರಿಕೆಗಳಲ್ಲಿ ಏಳಕ್ಕೆ ಬೇರೆ ಬೇರೆ ಅಂಕ ಕೊಟ್ಟ ನಾನು ಯಾರನ್ನು ದೂರಲಿ? ಅವರ ತಪ್ಪನ್ನು ಹಿಡಿಯುವ ಒಂದು ಕ್ರಮ ಅಲ್ಲಿತ್ತು. ನನ್ನ ತಪ್ಪನ್ನು ಹಿಡಿಯಲು ಕಳೆದುಹೋದ ಪಟ್ಟಿಯೊಂದು ಆಕಸ್ಮಿಕವಾಗಿ ಸಿಗಬೇಕಾಯಿತು. ವ್ಯತ್ಯಾಸ ಅಷ್ಟೇ. ಆ ಹುಡುಗನಿಗೆ ಎರಡನೆಯ ಅಂಕವನ್ನೇ ಉಳಿಸಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಆದರೆ ಹಾಗೆ ಸಿಗದೆ ಹೋದ ಪಟ್ಟಿಗಳೆಷ್ಟೋ, ಅವುಗಳಲ್ಲಿ ಅನುತ್ತೀರ್ಣರಾದವರು ಯಾರೋ ಎಂಬ ಚಿಂತೆ ಈಗಲೂ ಒಮ್ಮೊಮ್ಮೆ ರಾತ್ರಿ ನಿದ್ದೆ ಕೆಡಿಸುತ್ತದೆ.

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಇದನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಐವತ್ತನ್ನು ದಾಟಿದ್ದೀರಿ. ನಿಮ್ಮಲ್ಲಿಯೂ ಆ ಲೆಕ್ಕಕ್ಕೆ ಸೇರಿದವರಿದ್ದೀರಿ ಎಂಬುದನ್ನು ಬಲ್ಲೆ. ಈ ರೋಗವು ಆರಂಭದಲ್ಲಿ ನೋಯುವುದಿಲ್ಲ, ಓದುವುದಕ್ಕೂ ಅಡ್ಡಿ ಮಾಡುವುದಿಲ್ಲ. ನನಗೂ ಏನೂ ತಿಳಿದಿರಲಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಕಣ್ಣಿನ ಒಳಚಿತ್ರವನ್ನು ತೆಗೆಸಿ. ‘ದೋಷವಿಲ್ಲ’ ಎಂಬ ಚೀಟಿ ಸಿಕ್ಕಿತೆಂದು ಮುಂದಿನ ವರ್ಷದ ಪರೀಕ್ಷೆಯನ್ನು ತಪ್ಪಿಸಬೇಡಿ. ಚಿತ್ರವನ್ನು ಎಷ್ಟು ಜನ ನೋಡುತ್ತಾರೆಂದು ಕೇಳಲು ಸಂಕೋಚಪಡಬೇಡಿ. ಅದು ವೈದ್ಯರಿಗೆ ಅವಮಾನವಲ್ಲ. ಮತ್ತೆ ಕರೆದರೆ ಗಾಬರಿಪಡದೆ ಹೋಗಿ ಬನ್ನಿ. ಕರೆದವರು ನಿಮ್ಮ ಉತ್ತರಪತ್ರಿಕೆಯನ್ನು ಎರಡನೆಯ ಸಲ ಓದಿದವರು.

ಹೋಳಿಗೆಯ ವಿಷಯ ಮನೆಯವರಿಗೆ ಇನ್ನೂ ತಿಳಿದಿಲ್ಲ. ಓದಿದವರು ದಯವಿಟ್ಟು ನಿಮ್ಮಲ್ಲಿಯೇ ಇಟ್ಟುಕೊಳ್ಳಿ.